ಓವನ್ ಇಲ್ಲದ ಮನೆಯ ಬ್ರೆಡ್

ರಾಜೀವಿಯ ಮನೆಯಲ್ಲಿ ಓವನ್ ಇರಲಿಲ್ಲ. ಅವಳನ್ನು ಸುಳ್ಳುಗಾತಿ ಎಂದದ್ದು ಅದೊಂದೇ ಕಾರಣಕ್ಕೆ ಎಂದು ಆಮೇಲೆ ಕೆಲವರು ಸಮಾಧಾನ ಹೇಳಿದರು. ರಾಜೀವಿ ಅದನ್ನು ಒಪ್ಪಲಿಲ್ಲ. ಓವನ್ ಇಲ್ಲದ್ದು ಬರೀ ನೆಪ, ಅವರು ನೋಡಿದ್ದು ತನ್ನ ಸೀರೆಯನ್ನು, ತನ್ನ ಹರಕು ಹಿಂದಿಯನ್ನು, ತನ್ನ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಎಂದು ಅವಳು ಇಂದಿಗೂ ಹೇಳುತ್ತಾಳೆ. ಹೇಳುವಾಗ ಇಂದಿಗೂ ಅವಳ ಮೂಗು ಕೆಂಪಾಗುತ್ತದೆ.

ಅವಳು ಕಾಪು ಕಡೆಯವಳು. ಇಪ್ಪತ್ತೊಂದನೆಯ ವಯಸ್ಸಿಗೆ ಮೋನಪ್ಪನ ಕೈಹಿಡಿದು ಮುಂಬೈಗೆ ಬಂದಳು. ಮೋನಪ್ಪ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಇಡ್ಲಿ, ದೋಸೆಗೆ ಹಿಟ್ಟು ರುಬ್ಬುವವನು. ಹೋಟೆಲಿನ ಪಾಲುದಾರರು ಜಗಳವಾಡಿ ಎಂಟು ತಿಂಗಳು ಬಾಗಿಲು ಹಾಕಿದಾಗ ಅವನು ಮನೆಯಲ್ಲಿ ಕೂತ. ಆಗ ರಾಜೀವಿ ಆಂಟಾಪ್ ಹಿಲ್ಲಿನ ತಮ್ಮ ಎರಡು ಕೋಣೆಯ ಮನೆಯಲ್ಲಿ ಗ್ರೈಂಡರ್ ಇಟ್ಟುಕೊಂಡು ಹಿಟ್ಟು ರುಬ್ಬಿ ಕಾಲೊನಿಯಲ್ಲಿ ಮಾರತೊಡಗಿದಳು. ಹೋಟೆಲು ಮತ್ತೆ ತೆರೆಯಿತು, ಗಂಡ ಕೆಲಸಕ್ಕೆ ಹೋದ, ಆದರೆ ಇವಳ ಗ್ರೈಂಡರ್ ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷ ಆಯಿತು. ಅಕ್ಕಪಕ್ಕದ ಆರು ಬಿಲ್ಡಿಂಗಿನ ತಮಿಳರು, ತೆಲುಗರು, ನಮ್ಮವರು ಎಲ್ಲರೂ ‘ರಾಜೀವಕ್ಕನ ಹಿಟ್ಟು’ ಎಂದೇ ಕೇಳಿ ಒಯ್ಯುತ್ತಾರೆ. ಒಂದು ದಿನ ಹಿಟ್ಟು ಸರಿಯಾಗಿ ಹುಳಿಯದಿದ್ದರೆ ಅವಳು ಅದನ್ನು ಮಾರುವುದಿಲ್ಲ. ಬಂದವರಿಗೆ "ಇವತ್ತು ಇಲ್ಲ, ಚೆನ್ನಾಗಿ ಆಗ್ಲಿಲ್ಲ" ಎಂದು ಬಾಯಿಬಿಟ್ಟು ಹೇಳಿ ಕಳಿಸುತ್ತಾಳೆ. ಹೀಗೆ ಹೇಳುವ ಹಕ್ಕು ತನಗಿದೆ ಎಂಬುದು ಅವಳ ಹೆಮ್ಮೆ.

ಬ್ರೆಡ್ಡಿನ ತಂಟೆ ಶುರುವಾದದ್ದು ಮೋನಪ್ಪನ ಸಕ್ಕರೆ ಕಾಯಿಲೆಯಿಂದ. ಕೆಲಸ ಬಿಟ್ಟು ಮನೆಗೆ ಬಂದ ವರ್ಷವೇ ಅದು ಕಾಣಿಸಿಕೊಂಡಿತು. ನಲವತ್ತು ವರ್ಷ ಬೆಳಗ್ಗೆ ಚಹಾಕ್ಕೆ ಎರಡು ಪಾವ್ ಅದ್ದಿ ತಿಂದ ಮನುಷ್ಯನಿಗೆ ಡಾಕ್ಟರು ಮೈದಾದ ಪಾವ್ ಬಿಟ್ಟು ಓಟ್ಸ್ ತಿನ್ನಲು ಹೇಳಿದರು. ರಾಜೀವಿ ಗಂಜಿ ಮಾಡಿಕೊಟ್ಟಳು. ಅವನು ಎರಡು ಚಮಚ ತಿಂದು ಬಟ್ಟಲನ್ನು ದೂರ ತಳ್ಳಿದ.

"ಇದನ್ನು ತಿನ್ನುದಾ, ಗೋಡೆಗೆ ಹಚ್ಚುದಾ?" ಎಂದ.

ಉಪ್ಪಿಟ್ಟು ಮಾಡಿದಳು, ದೋಸೆಗೆ ಬೆರೆಸಿದಳು. ಅವನು ತಿಂದ, ಆದರೆ ಬೆಳಗ್ಗೆ ಚಹಾ ಲೋಟ ಹಿಡಿದು ಗ್ಯಾಲರಿಯಲ್ಲಿ ಸುಮ್ಮನೆ ನಿಲ್ಲುತ್ತಿದ್ದ. ಕೆಳಗೆ ಪಾವ್‌ವಾಲಾನ ಸೈಕಲ್ ಹಾದುಹೋಗುವವರೆಗೂ ಒಳಗೆ ಬರುತ್ತಿರಲಿಲ್ಲ. ಅದನ್ನು ನೋಡಲಾಗದೆ ರಾಜೀವಿ ಮಗಳು ಯಕ್ಷಿತಾಳನ್ನು ಕೇಳಿದಳು. ಯಕ್ಷಿತಾ ಪವಾಯಿಯ ಒಂದು ಐಟಿ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅವಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು: ಈಸ್ಟ್ ಇಲ್ಲದೆ, ಹುಳಿಹಿಟ್ಟಿನಿಂದಲೇ ಉಬ್ಬಿಸುವ ಸಾವರ್‌ಡೋ ಬ್ರೆಡ್. ರಾಜೀವಿ ಎರಡು ಸಲ ನೋಡಿದಳು. ಮಾತು ಅರ್ಥವಾಗಲಿಲ್ಲ, ಕೈ ಅರ್ಥವಾಯಿತು.

"ಇದು ಹುಳಿ ಬರಿಸುದು ಅಲ್ವನಾ," ಎಂದಳು. "ಇದಕ್ಕೆ ಇಂಗ್ಲಿಷಿನಲ್ಲಿ ಇಷ್ಟು ಹೊತ್ತು ಮಾತಾಡುದು ಎಂತಕ್ಕೆ?"

ಗೋಧಿಹಿಟ್ಟು, ನೀರು ಕಲಸಿ ಗಾಜಿನ ಭರಣಿಯಲ್ಲಿಟ್ಟಳು. ದಿನಾ ಸ್ವಲ್ಪ ತೆಗೆದು ಸ್ವಲ್ಪ ಹೊಸ ಹಿಟ್ಟು ಹಾಕಿದಳು. ಮುಂಬೈಯ ಸೆಕೆಗೆ ಐದನೆಯ ದಿನಕ್ಕೇ ಅದು ಭರಣಿಯ ಬಾಯಿಯವರೆಗೆ ಏರಿತು. ಆದರೆ ಬ್ರೆಡ್ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಮಿಕ್ಸಿಯಲ್ಲಿ ಪುಡಿ ಮಾಡಿದ ಓಟ್ಸನ್ನು ಅರ್ಧಕ್ಕರ್ಧ ಬೆರೆಸಿದ್ದರಿಂದ ಮೊದಲನೆಯದು ಒಳಗೆ ಹಸಿ ಮಣ್ಣಿನಂತೆ ಉಳಿಯಿತು. ಎರಡನೆಯದು ಏಳಲೇ ಇಲ್ಲ. ಓಟ್ಸಿಗೆ ಗೋಧಿಯ ಹಾಗೆ ಎಳೆ ಹಿಡಿಯುವ ಶಕ್ತಿ ಇಲ್ಲ, ಅದು ನೀರು ಕುಡಿದು ಅಂಟಾಗುತ್ತದೆ ಅಷ್ಟೇ ಎಂದು ಅವಳು ಕೈಯಿಂದಲೇ ಕಂಡುಕೊಂಡಳು. ನಾಲ್ಕು ಪಾಲಿಗೆ ಒಂದು ಪಾಲು ಮಾತ್ರ ಓಟ್ಸ್, ಅದನ್ನೂ ಮೊದಲೇ ನೀರಿನಲ್ಲಿ ನೆನೆಸಿ ಬೆರೆಸಬೇಕು. ನಾದಬಾರದು, ಅರ್ಧ ಗಂಟೆಗೊಮ್ಮೆ ಅಂಚು ಎಳೆದು ಮಡಚಬೇಕು.

ಇನ್ನು ಬೇಯಿಸುವುದು. ಊರಲ್ಲಿ ಅವಳ ಅಜ್ಜಿ ಗೆಂಡದಡ್ಯೆ ಮಾಡುತ್ತಿದ್ದಳು. ಪಾತ್ರೆಯ ಕೆಳಗೂ ಬೆಂಕಿ, ಮುಚ್ಚಳದ ಮೇಲೂ ಕೆಂಡ. ಒಳಗಿನ ಕಡುಬು ಎರಡೂ ಕಡೆ ಕೆಂಪಗೆ ಬೇಯುತ್ತಿತ್ತು. ರಾಜೀವಿ ಅದನ್ನೇ ಮಾಡಿದಳು. ದಪ್ಪ ಬೀಡಿನ ಪಾತ್ರೆಯನ್ನು ಕಾವಲಿಯ ಮೇಲಿಟ್ಟು ಗ್ಯಾಸಿನಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟಿನ ಉಂಡೆ ಇಳಿಸಿ, ಮುಚ್ಚಿ, ಗ್ಯಾಲರಿಯ ಶೆಗಡಿ ಒಲೆಯಲ್ಲಿ ಹೊತ್ತಿಸಿದ ಇದ್ದಲಿನ ಕೆಂಡವನ್ನು ಮುಚ್ಚಳದ ಮೇಲೆ ಹರಡಿದಳು. ಇಪ್ಪತ್ತೈದು ನಿಮಿಷಕ್ಕೆ ಮುಚ್ಚಳ ಎತ್ತಿ ಹಬೆ ಬಿಟ್ಟು, ಸಂದಿ ಉಳಿಯುವಂತೆ ಒಂದು ಚಮಚವನ್ನು ಅಡ್ಡ ಇಟ್ಟು ಮತ್ತೆ ಮುಚ್ಚಿ ಹೊಸ ಕೆಂಡ ಹಾಕಿದಳು. ಆರನೆಯ ಬ್ರೆಡ್ ಮೇಲೆ ಜೇನಿನ ಬಣ್ಣ ಬಂದು, ಚಾಕುವಿನಿಂದ ಎಳೆದಿದ್ದ ಗೆರೆಯಗುಂಟ ಬಾಯಿಬಿಟ್ಟು ಎದ್ದಿತು. ಮೋನಪ್ಪ ಒಂದು ಹೋಳನ್ನು ಚಹಾಕ್ಕೆ ಅದ್ದಿ ತಿಂದ. ಇನ್ನೊಂದು ಹೋಳಿಗೆ ಕೈ ಚಾಚಿದ.

ಯಕ್ಷಿತಾ ಅದನ್ನು ಆಫೀಸಿಗೂ ಒಯ್ದಳು. ಅಲ್ಲಿ ತಿಂದ ಒಬ್ಬಾಕೆ, ಪವಾಯಿಯ ದೊಡ್ಡ ಕಾಂಪ್ಲೆಕ್ಸೊಂದರ ಕ್ಲಬ್‌ಹೌಸಿನಲ್ಲಿ ಮನೆಯಲ್ಲೇ ಬ್ರೆಡ್ ಮಾಡುವವರ ಸ್ಪರ್ಧೆ ಇದೆ, ಹೊರಗಿನವರೂ ಸೇರಬಹುದು, ನಿಮ್ಮ ಅಮ್ಮನನ್ನು ಕರೆದುಕೊಂಡು ಬಾ ಎಂದಳು. ರಾಜೀವಿಗೆ ಸ್ಪರ್ಧೆ ಗಿರ್ಧೆ ಬೇಡವಾಗಿತ್ತು. ಮಗಳು ಹೆಸರು ಬರೆಸಿಯಾಗಿತ್ತು. ಹೋಗುವುದೇ ಆದರೆ ಸರಿಯಾಗಿಯೇ ಹೋಗಬೇಕು ಎಂದು ಅವಳು ಹೊಸ ಗೋಧಿ ತಂದು ಬೀಸಿಸಿದಳು.

ಆ ಭಾನುವಾರ ಹಾರ್ಬರ್ ಲೈನಿನಲ್ಲಿ ಹಳಿ ದುರಸ್ತಿಯ ಮೆಗಾಬ್ಲಾಕ್. ಜಿಟಿಬಿ ನಗರದಲ್ಲಿ ಗಾಡಿ ಇಲ್ಲ. ತಾಯಿ ಮಗಳು ಬಸ್ಸಿನಲ್ಲಿ ಕುರ್ಲಾಕ್ಕೆ ಬಂದು, ಅಲ್ಲಿಂದ ಲೋಕಲ್ಲಿನಲ್ಲಿ ಕಾಂಜೂರ್‌ಮಾರ್ಗ್, ಅಲ್ಲಿಂದ ರಿಕ್ಷಾ. ದಾರಿಯುದ್ದಕ್ಕೂ ರಾಜೀವಿ ಪಂಚೆಯಲ್ಲಿ ಸುತ್ತಿದ ಬ್ರೆಡ್ಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು.

ಕ್ಲಬ್‌ಹೌಸಿನಲ್ಲಿ ಇಪ್ಪತ್ತಮೂರು ಬ್ರೆಡ್‌ಗಳು ಉದ್ದ ಮೇಜಿನ ಮೇಲೆ ಕೂತಿದ್ದವು. ಹೆಸರಿಲ್ಲ, ನಂಬರ್ ಮಾತ್ರ. ರಾಜೀವಿಯದು ಹದಿನೇಳು. ಎಲ್ಲ ವ್ಯವಸ್ಥೆ ಮಾಡುತ್ತಿದ್ದವಳು ನಿಶಾ ಎಂಬ ಹೆಂಗಸು. ಮೈಕು ಅವಳ ಕೈಯಲ್ಲೇ ಇತ್ತು. ತೀರ್ಪು ಹೇಳುವವಳು ರಾಧಿಕಾ ದೇಸಾಯಿ, ಮಾಟುಂಗಾದಲ್ಲಿ ಬೇಕಿಂಗ್ ಕ್ಲಾಸ್ ನಡೆಸುವವಳು. ರಾಧಿಕಾ ಒಂದೊಂದೇ ಬ್ರೆಡ್ ಕತ್ತರಿಸಿ, ಮೂಸಿ, ಒತ್ತಿ, ಚೂರು ತಿಂದು ಬರೆದುಕೊಳ್ಳುತ್ತ ಬಂದಳು. ಹದಿನೇಳಕ್ಕೆ ಬಂದಾಗ ನಿಂತಳು. ಕತ್ತರಿಸಿದ ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡನೆಯ ಸಲ ತಿಂದಳು. ಬ್ರೆಡ್ಡನ್ನು ತಿರುಗಿಸಿ ತಳಕ್ಕೆ ಬೆರಳಿನಿಂದ ತಟ್ಟಿದಳು. ನಿಶಾಳನ್ನು ಕರೆದು ಕಿವಿಯಲ್ಲಿ ಏನೋ ಹೇಳಿದಳು.

ಯಕ್ಷಿತಾ ತಾಯಿಯ ಮೊಣಕೈ ಹಿಡಿದು, "ಅಮ್ಮ, ಅವರಿಗೆ ಲೈಕ್ ಆಯ್ತು" ಎಂದಳು.

ನಿಶಾ ಬಂದಳು. ರಾಜೀವಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ನಗುನಗುತ್ತಲೇ ಕೇಳಿದಳು: "ಆಂಟೀ, ಯೆ ಕಹಾಂ ಸೆ ಲಿಯಾ?"

ಎಲ್ಲಿಂದ ತಂದಿರಿ ಎಂದು ಕೇಳುತ್ತಿದ್ದಾಳೆ. ರಾಜೀವಿಗೆ ಮೊದಲು ಆ ಮಾತೇ ಹೊಳೆಯಲಿಲ್ಲ. ಓಟ್ಸ್ ಎಲ್ಲಿಂದ ಎಂದು ಕೇಳುತ್ತಿರಬೇಕು ಅಂದುಕೊಂಡು ಕಾಲೊನಿಯ ಕಿರಾಣಿ ಅಂಗಡಿಯ ಹೆಸರು ಹೇಳಿದಳು. ಹತ್ತಿರ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ರಾಧಿಕಾ ಮುಂದೆ ಬಂದು ಹಿಂದಿಯಲ್ಲೇ ಕೇಳಿದಳು, ಯಾವ ಓವನ್?

"ಓವನ್ ನಹೀ ಹೈ," ಎಂದಳು ರಾಜೀವಿ.

ಯಾರೋ ಹಿಂದಿನಿಂದ ನಕ್ಕರು. ನೀರಿನ ಪ್ರಮಾಣ ಶೇಕಡಾ ಎಷ್ಟು ಎಂದು ರಾಧಿಕಾ ಕೇಳಿದಳು. ಕೈಗೆ ಗೊತ್ತಾಗುತ್ತದೆ ಎಂದಳು ರಾಜೀವಿ. ಎಷ್ಟು ಡಿಗ್ರಿ ಶಾಖ ಎಂದು ಕೇಳಿದಳು. ಕೆಂಡದ ಶಾಖ ಎನ್ನಲು ಹೋಗಿ, ಕೆಂಡಕ್ಕೆ ಹಿಂದಿ ಶಬ್ದ ನಾಲಗೆಗೆ ಬಾರದೆ, "ಕೋಯ್ಲಾ... ಊಪರ್ ಕೋಯ್ಲಾ" ಎಂದು, ಮೇಲೆ ಇದ್ದಲು ಎಂಬಂತೆ ಕೈಯಿಂದ ತಲೆಯ ಮೇಲೆ ಹರಡಿ ತೋರಿಸಿದಳು. ಈ ಸಲ ನಗು ಜೋರಾಗಿಯೇ ಬಂತು. ಹೇಳಬೇಕಾದವಳು ಮಗಳು. ಯಕ್ಷಿತಾ ಇಂಗ್ಲಿಷಿನಲ್ಲಿ ಎರಡು ಮಾತು ಶುರು ಮಾಡಿ, ತನ್ನ ಆಫೀಸಿನ ಹೆಂಗಸು ನೋಡುತ್ತಿರುವುದನ್ನು ಕಂಡು ಅರ್ಧಕ್ಕೆ ನಿಲ್ಲಿಸಿದಳು.

ಬಹುಮಾನ ಹೇಳುವ ಹೊತ್ತಿಗೆ ನಿಶಾ ಮೈಕಿನಲ್ಲಿ ಹೇಳಿದಳು: ಹದಿನೇಳನೆಯ ನಂಬರನ್ನು ಸ್ಪರ್ಧೆಯಿಂದ ಹೊರಗಿಟ್ಟಿದ್ದೇವೆ, ಅದು ಮನೆಯಲ್ಲಿ ಮಾಡಿದ್ದಲ್ಲ, ಬೇಕರಿಯ ಓವನಿನಲ್ಲಿ ಆದದ್ದು ಎಂಬುದು ತೀರ್ಪುಗಾರರ ಅಭಿಪ್ರಾಯ, ದಯವಿಟ್ಟು ಮುಂದಿನ ವರ್ಷ ಎಲ್ಲರೂ ಪ್ರಾಮಾಣಿಕವಾಗಿ ಭಾಗವಹಿಸಿ.

ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ರಾಜೀವಿಗೆ ಇಂಗ್ಲಿಷ್ ಪೂರ್ತಿ ತಿಳಿಯುವುದಿಲ್ಲ, ಆದರೆ ನೋಟ ತಿಳಿಯಿತು. ಅವಳು ಮಗಳನ್ನು ಕೇಳಿದಳು, "ಎಂತ ಹೇಳಿದ್ದು ಅವಳು?"

"ಅಮ್ಮ, ಬಿಡು. ಚಲ್. ಸೀನ್ ಮಾಡ್ಬೇಡ ಪ್ಲೀಸ್."

"ಎಂತ ಹೇಳಿದ್ದು ಅಂತ ಕೇಳಿದೆ ನಾನು."

ಯಕ್ಷಿತಾ ನೆಲ ನೋಡುತ್ತ ಹೇಳಿದಳು. ರಾಜೀವಿ ನೇರ ಮೇಜಿನ ಹತ್ತಿರ ಹೋದಳು. ಉಳಿದ ತನ್ನ ಬ್ರೆಡ್ಡನ್ನು ಎತ್ತಿ ಪಂಚೆಯಲ್ಲಿ ಸುತ್ತಿ ಡಬ್ಬಿಗಿಟ್ಟಳು. ನಿಶಾಳ ಮುಂದೆ ನಿಂತು, ಹಿಂದಿಯೋ ಮರಾಠಿಯೋ ಎರಡೂ ಕಲಸಿದ ಮಾತಿನಲ್ಲಿ, ನನ್ನ ಮನೆ ಆಂಟಾಪ್ ಹಿಲ್, ಬನ್ನಿ, ಹಿಟ್ಟು ಕಲಸುವುದರಿಂದ ಕತ್ತರಿಸುವವರೆಗೆ ಕೂತು ನೋಡಿ, ಆಮೇಲೆ ಮೈಕ್ ಹಿಡಿಯಿರಿ ಎಂದಳು. ನಿಶಾ ಅವಳ ಭುಜ ತಟ್ಟಿ, "ಕೋಯೀ ಬಾತ್ ನಹೀ, ಆಂಟೀ" ಎಂದಳು. ಪರವಾಗಿಲ್ಲವಂತೆ. ತಪ್ಪು ಮಾಡಿದವರಿಗೆ ಹೇಳುವ ಮಾತನ್ನು ಅವಳು ತನಗೆ ಹೇಳಿದಳು. ಆ ತಟ್ಟಿದ ಭುಜವನ್ನು ರಾಜೀವಿ ರಿಕ್ಷಾದಲ್ಲಿ ಸೆರಗಿನಿಂದ ಒರೆಸಿಕೊಂಡಳು.

ಅಲ್ಲಿಗೇ ಮುಗಿದಿದ್ದರೆ ಏನಾಗುತ್ತಿತ್ತೋ. ಮಂಗಳವಾರ ಸ್ಪರ್ಧೆ ನಡೆಸಿದ ಬ್ರೆಡ್ ಗುಂಪಿನ ವಾಟ್ಸಾಪಿನಲ್ಲಿ ನಿಶಾ ಹದಿನೇಳನೆಯ ನಂಬರಿನ ಫೋಟೊ ಹಾಕಿದಳು. ಅಂಗಡಿಯಿಂದ ತಂದು ಮನೆಯದ್ದು ಎನ್ನುವವರನ್ನು ಹೀಗೆ ಗುರುತಿಸಿ ಎಂದು ಕೆಳಗೆ ಬರೆದಿತ್ತು. ಆ ಗುಂಪಿನಲ್ಲಿ ಯಕ್ಷಿತಾಳೂ ಅವಳ ಆಫೀಸಿನವರೂ ಇದ್ದರು; ಯಾರ್ಯಾರದೋ ಮೊಬೈಲು ದಾಟಿ ಅದು ಹೇಗೋ ಕಾಲೊನಿಗೂ ಬಂತು. ಗುರುವಾರ ಹಿಟ್ಟಿಗೆ ಬಂದ ಎರಡನೆಯ ಮಹಡಿಯ ನಾಗರತ್ನಾ ನಗೆಚಾಟಿಕೆಯ ದನಿಯಲ್ಲಿ ಕೇಳಿದಳು:

"ರಾಜೀವಕ್ಕ, ಈ ಹಿಟ್ಟು ನೀವೇ ರುಬ್ಬಿದ್ದು ತಾನೆ? ಎಲ್ಲಿಂದಾದ್ರೂ ತರಿಸಿದ್ದಲ್ಲ ಅಲ್ವಾ?"

ರಾಜೀವಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಇಪ್ಪತ್ತೆರಡು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಉದ್ದು ತೊಳೆದ ಕೈಯನ್ನು ಒಮ್ಮೆ ನೋಡಿಕೊಂಡಳು. ನಾಗರತ್ನಾ ತಮಾಷೆಗೆ ಕೇಳಿದ್ದೇ ಇರಬಹುದು. ಆದರೆ ತಮಾಷೆಗಾದರೂ ಆ ಪ್ರಶ್ನೆಯನ್ನು ಈ ಬಾಗಿಲಲ್ಲಿ ನಿಂತು ಕೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ.

"ಇವತ್ತು ಹಿಟ್ಟು ಇಲ್ಲ," ಎಂದು ಅವಳು ಬಾಗಿಲು ಹಾಕಿಕೊಂಡಳು. ಪಾತ್ರೆಯ ತುಂಬ ಹಿಟ್ಟಿತ್ತು.

ಮೋನಪ್ಪ ಒಳಗಿಂದ ಕೇಳಿಸಿಕೊಂಡಿದ್ದ. "ಬಿಡು ಮಾರಾಯ್ತಿ," ಎಂದ. "ನಮಗೆ ಗೊತ್ತುಂಟಲ್ಲ. ದೊಡ್ಡವರ ಹತ್ತಿರ ಜಗಳ ಎಂತಕ್ಕೆ?"

"ನಿಮ್ಮ ಹೋಟೆಲಲ್ಲಿ ನೀವು ರುಬ್ಬಿದ ಹಿಟ್ಟನ್ನು ಯಾರಾದ್ರೂ ಪಕ್ಕದ ಹೋಟೆಲಿನಿಂದ ಕದ್ದು ತಂದದ್ದು ಅಂತ ಹೇಳಿದ್ರೆ ನೀವು ಬಿಡ್ತಿದ್ರಾ?"

"ಇಲ್ಲ," ಎಂದ ಮೋನಪ್ಪ. "ಬಿಡ್ತಿರ್ಲಿಲ್ಲ."

ಶನಿವಾರ ರಾಜೀವಿ ಒಬ್ಬಳೇ ಮಾಟುಂಗಾಕ್ಕೆ ಹೋದಳು. ರಾಧಿಕಾಳ ಕ್ಲಾಸಿನ ವಿಳಾಸವನ್ನು ಮಗಳ ಮೊಬೈಲಿನಿಂದ ತೆಗೆಸಿ ಕಾಗದದಲ್ಲಿ ಬರೆದುಕೊಂಡಿದ್ದಳು. ಏಪ್ರನ್ ತೊಟ್ಟ ಹತ್ತು ಜನ ಹೆಂಗಸರು ಹಿಟ್ಟು ತೂಗುತ್ತಿದ್ದರು. ರಾಜೀವಿ ಬಾಗಿಲಲ್ಲೇ ನಿಂತು, ಮೈಂ ಸತ್ರಾ ನಂಬರ್, ಎಂದಳು. ಹದಿನೇಳು ನಂಬರಿನವಳು. ರಾಧಿಕಾಳ ಮುಖ ಬಿಗಿಯಿತು. ಕ್ಲಾಸ್ ನಡೆಯುತ್ತಿದೆ, ಆಮೇಲೆ ಬನ್ನಿ ಎಂದಳು ಹಿಂದಿಯಲ್ಲಿ.

"ಆಮೇಲೆ ಅಂತೆ, ಆಮೇಲೆ," ಎಂದು ರಾಜೀವಿ ತನ್ನಷ್ಟಕ್ಕೆ ಗೊಣಗಿದಳು. "ಕಳ್ಳಿ ಅಂತ ಹೇಳ್ಲಿಕ್ಕೆ ಮಾತ್ರ ಆಮೇಲೆ ಇಲ್ಲ ಇವರಿಗೆ."

ರಾಧಿಕಾ ತಲೆ ಎತ್ತಿದಳು. "ನೀವು ಕನ್ನಡದವರೇನ್ರಿ?" ಎಂದಳು. ದನಿಯೇ ಬದಲಾಗಿತ್ತು. "ನಾನೂ ಬೆಳಗಾವಿಯಾಕಿ. ಅವತ್ತಽ ಹೇಳಬಾರದೇನ್ರಿ?"

ಬರುವಾಗ ಇದ್ದ ಸಿಟ್ಟಿಗಿಂತ ಇದಕ್ಕೆ ಹೆಚ್ಚು ಸಿಟ್ಟು ಬಂತು ರಾಜೀವಿಗೆ. "ಹೇಳಿದ್ರೆ ನಂಬ್ತಿದ್ರಾ? ಅದೇ ಬ್ರೆಡ್ಡು, ಅದೇ ಕೈ. ನಾನು ಕನ್ನಡದವಳು ಅಂತ ಗೊತ್ತಾದ ಮೇಲೆ ಅದು ಮನೆಯ ಬ್ರೆಡ್ ಆಗ್ತದಾ?"

ಏಪ್ರನ್ ತೊಟ್ಟವರು ಕೆಲಸ ನಿಲ್ಲಿಸಿದ್ದರು.

"ಹಂಗಲ್ರಿ ಅಕ್ಕಾರ," ಎಂದಳು ರಾಧಿಕಾ. "ನಾ ಹದಿನೈದು ವರ್ಷ ಆತು ಇದಽ ಕೆಲಸ ಮಾಡಾಕತ್ತು. ಅಂಥಾ ಮ್ಯಾಲಿನ ಸಿಪ್ಪಿ, ಅಂಥಾ ಬಣ್ಣ ಬೇಕರಿ ಭಟ್ಟಿ ಬಿಟ್ಟು ನಾ ಎಲ್ಲೂ ನೋಡಿಲ್ಲ. ಅದೂ ಓಟ್ಸ್ ಹಾಕಿದ್ದು. ಮನ್ಯಾಗಿನ ಓವನ್ನಿನ್ಯಾಗ ನನಗಽ ಬರಂಗಿಲ್ಲ."

"ನಿಮಗೆ ಬರುದಿಲ್ಲ ಅಂತ ನಾನು ಕಳ್ಳಿಯಾ?"

ಆ ಮಾತು ಮೆತ್ತಗೆ ಬಂತು. ರಾಧಿಕಾ ಸ್ಟೂಲಿನ ಮೇಲೆ ಕೂತಳು. "ನಾಳೆ ಬರ್ತೀನ್ರಿ," ಎಂದಳು. "ನಿಮ್ಮನಿಗೆ."

ಭಾನುವಾರ ಬೆಳಗ್ಗೆ ಎಂಟಕ್ಕೇ ರಾಧಿಕಾ ಮೂರು ಮಹಡಿ ಹತ್ತಿ ಬಂದಳು. ಮೋನಪ್ಪ ಕುರ್ಚಿ ಹಾಕಿದ. ರಾಜೀವಿ ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.

"ಕತ್ತರಿಸುವವರೆಗೆ ನೀವು ಇಲ್ಲಿಂದ ಏಳ್ಬಾರದು," ಎಂದಳು. "ಬಚ್ಚಲಿಗೆ ಹೋಗುದಾದ್ರೆ ಅಡುಗೆ ಮನೆಗೆ ಬೀಗ ಹಾಕಿ ಹೋಗಿ, ಬೀಗದಕೈ ನಿಮ್ಮ ಹತ್ತಿರ ಇರ್ಲಿ. ಆಮೇಲೆ, ನಾನು ಆಚೆ ಹೋದಾಗ ಬದಲಾಯಿಸಿದ್ರು ಅಂತ ಮೈಕಲ್ಲಿ ಬರುದು ಬೇಡ."

"ಅಕ್ಕಾರ, ಅಷ್ಟು ಬ್ಯಾಡ್ರಿ."

"ಬೇಕು."

ಅವಳು ಬಂದವಳಿಗೆ ಚಹಾ ಕೊಟ್ಟಳು, ಇಡ್ಲಿ ಕೊಟ್ಟಳು, ನಗು ಮಾತ್ರ ಕೊಡಲಿಲ್ಲ. ಭರಣಿಯ ಹುಳಿ ಎದ್ದು ನಿಂತಿತ್ತು. ನೆನೆಸಿದ ಓಟ್ಸ್ ಹಿಟ್ಟಿಗೆ ಗೋಧಿ, ಆ ಹುಳಿ, ಉಪ್ಪು ಸೇರಿಸಿ ಕಲಸಿದಳು. ಹೆಚ್ಚಾಯಿತು ಎನ್ನುವಷ್ಟು ನೀರು ಹಾಕಿದಳು. ರಾಧಿಕಾ ತಡೆಯಲಾಗದೆ, ಇದು ಬಹಳ ತೆಳು ಆತಲ್ರಿ, ಎಂದಳು. ಓಟ್ಸ್ ಇನ್ನೂ ಕುಡಿಯುತ್ತದೆ, ನೋಡ್ತಾ ಇರಿ, ಎಂದಳು ರಾಜೀವಿ. ಒಂದು ಗಂಟೆಯಲ್ಲಿ ಅದು ಹದಕ್ಕೆ ಬಂತು. ಮಡಚುವ ಸರದಿ ಬಂದಾಗ ಅವಳು ಪಾತ್ರೆಯನ್ನು ರಾಧಿಕಾಳ ಮುಂದೆ ಸರಿಸಿದಳು: "ಕೈ ಒದ್ದೆ ಮಾಡಿ, ನೀವೇ ಮಡಚಿ. ಹಿಟ್ಟು ನಿಮ್ಮ ಕೈಗೂ ಗೊತ್ತಾಗ್ಲಿ." ರಾಧಿಕಾ ಮಡಚಿದಳು. ನಾಲ್ಕು ಸಲವೂ ಅವಳೇ ಮಡಚಿದಳು. ನಾಲ್ಕನೆಯ ಸಲಕ್ಕೆ ಹಿಟ್ಟು ಅವಳ ಅಂಗೈಯಲ್ಲಿ ಬೆಚ್ಚಗೆ ನಡುಗಿತು.

ಮಧ್ಯಾಹ್ನ ಮೂರಕ್ಕೆ ಮೋನಪ್ಪ ಗ್ಯಾಲರಿಯಲ್ಲಿ ಶೆಗಡಿ ಹೊತ್ತಿಸಿದ. ಪಾತ್ರೆ ಕಾದಿತು. ಉಂಡೆ ಇಳಿಸುವಾಗ ಚುಂಯ್ ಎಂದಿತು. ರಾಜೀವಿ ಇಕ್ಕಳದಿಂದ ಒಂದೊಂದೇ ಕೆಂಡವನ್ನು ಮುಚ್ಚಳದ ಮೇಲೆ ಜೋಡಿಸುತ್ತ, ರಾಧಿಕಾಳತ್ತ ನೋಡದೆ, "ಕೋಯ್ಲಾ," ಎಂದಳು. "ಊಪರ್ ಕೋಯ್ಲಾ. ಇದನ್ನೇ ಹೇಳಿದ್ದು ನಾನು. ನೀವೆಲ್ಲ ನಕ್ಕದ್ದು ಇದಕ್ಕೇ."

ರಾಧಿಕಾ ಗೋಡೆಗೆ ಒರಗಿ ನಿಂತಿದ್ದಳು. "ನಾ ನಕ್ಕಿಲ್ರಿ," ಎಂದಳು. ಆಮೇಲೆ, "ನಗೋದು ಬ್ಯಾಡ ಅಂತನೂ ಹೇಳ್ಲಿಲ್ಲ," ಎಂದಳು.

ಬ್ರೆಡ್ ತೆಗೆದಾಗ ಅದೇ ಜೇನಿನ ಬಣ್ಣ, ಅದೇ ಬಿರಿದ ಬಾಯಿ. ಓಟ್ಸಿನ ಬ್ರೆಡ್ ಬಿಸಿಯಲ್ಲಿ ಕತ್ತರಿಸಿದರೆ ಒಳಗೆ ಮುದ್ದೆಯಾಗುತ್ತದೆ, ಆರಬೇಕು. ಮತ್ತೆ ಎರಡು ಗಂಟೆ ಮೂವರೂ ಕೂತರು. ಕತ್ತರಿಸಿದ ಮೇಲೆ ರಾಧಿಕಾ ಒಂದು ಹೋಳನ್ನು ನಿಧಾನವಾಗಿ ತಿಂದಳು. ಅವಳ ಕಣ್ಣಂಚು ಒದ್ದೆಯಾಯಿತು. ಅದನ್ನು ರಾಜೀವಿ ನೋಡಿದಳು, ಕರಗಲಿಲ್ಲ.

"ತಪ್ಪಾತ್ರಿ ಅಕ್ಕಾರ. ನನ್ನ ತಪ್ಪು. ನಾ ನಿಶಾಗ ಇವತ್ತಽ ಹೇಳ್ತೀನಿ. ಫಸ್ಟ್ ಪ್ರೈಜಿನ ಸರ್ಟಿಫಿಕೇಟ್ ಮಾಡಿಸಿ ನಾನಽ ತಂದು ಕೊಡ್ತೀನಿ."

"ಸರ್ಟಿಫಿಕೇಟ್ ನನಗೆ ಎಂತಕ್ಕೆ? ಗೋಡೆಗೆ ಮೊಳೆ ಹೊಡೀಲಿಕ್ಕಾ?" ರಾಜೀವಿ ಚಾಕು ಒರೆಸಿ ಕೆಳಗಿಟ್ಟಳು. "ನನ್ನನ್ನು ಕಳ್ಳಿ ಅಂದದ್ದು ಇನ್ನೂರು ಜನರ ಎದುರು, ಮೈಕಲ್ಲಿ. ತಪ್ಪಾಯ್ತು ಅನ್ನುದು ನನ್ನ ಅಡುಗೆ ಮನೆಯಲ್ಲಿ, ಚಿಲಕ ಹಾಕಿದ ಮೇಲೆ. ಇದು ಯಾವ ಲೆಕ್ಕ? ಎಲ್ಲಿ ಹೇಳಿದ್ರೋ ಅಲ್ಲಿಯೇ ಹೇಳಿ. ಮೈಕ್ ಹಿಡಿದು ಹೇಳಿ. ಇಂಗ್ಲಿಷಿನಲ್ಲಿ ಬೇಡ, ನನಗೆ ಅರ್ಥ ಆಗುವ ಹಾಗೆ ಹೇಳಿ."

"ಆ ಗುಂಪಿನ ಮರ್ಯಾದಿ ಪ್ರಶ್ನೆ ಆಗತೈತ್ರಿ..."

"ನನ್ನದು?"

ಹೊರಡುವಾಗ ರಾಧಿಕಾ, ಒಂದು ತುಂಡು ಬ್ರೆಡ್ ಒಯ್ಯಲೇ ಎಂದು ಸಂಕೋಚದಿಂದ ಕೇಳಿದಳು. ಅಲ್ಲಿ ಹೇಳಿದ ಮೇಲೆ ಕೊಡ್ತೇನೆ, ಎಂದು ರಾಜೀವಿ ಚಿಲಕ ತೆಗೆದಳು.

ಬುಧವಾರ ನಿಶಾ ಗುಂಪಿನಲ್ಲಿ ಒಂದು ಸಾಲು ಹಾಕಿದಳು: ಹದಿನೇಳನೆಯ ನಂಬರಿನ ವಿಷಯದಲ್ಲಿ ಸ್ವಲ್ಪ ತಪ್ಪು ತಿಳುವಳಿಕೆ ಆಗಿತ್ತು, ಈಗ ಬಗೆಹರಿದಿದೆ. ಕೈಜೋಡಿಸಿದ ಚಿತ್ರ, ಗುಲಾಬಿ ಹೂವಿನ ಚಿತ್ರ. ಯಕ್ಷಿತಾ ಓದಿ ಹೇಳಿದಾಗ ರಾಜೀವಿ ಕೇಳಿದಳು, "ಯಾರು ತಪ್ಪು ತಿಳ್ಕೊಂಡದ್ದು ಅಂತ ಬರೆದಿದ್ದಾಳಾ?" ಬರೆದಿರಲಿಲ್ಲ. "ಹಾಗಾದ್ರೆ ಬಗೆಹರಿದಿಲ್ಲ ಅಂತ ಬರಿ."

"ಅಮ್ಮ, ಐ ಕಾಂಟ್... ಅದು ನನ್ನ ಆಫೀಸಿನವರೆಲ್ಲ ಇರೋ ಗ್ರೂಪ್."

"ಬರೀತೀಯಾ, ಇಲ್ಲ ನಾನೇ ಪವಾಯಿಗೆ ಹೋಗಿ ಗೇಟಿನಲ್ಲಿ ನಿಂತು ಹೇಳ್ಬೇಕಾ?"

ಯಕ್ಷಿತಾ ಬರೆದಳು. ‘ನನ್ನ ಅಮ್ಮ ಹೇಳುತ್ತಾರೆ, ಇದು ಬಗೆಹರಿದಿಲ್ಲ’ ಎಂದು ಬರೆದು, ಸ್ವಲ್ಪ ಹೊತ್ತು ನೋಡಿ, ‘ನನ್ನ ಅಮ್ಮ ಹೇಳುತ್ತಾರೆ’ ಎಂಬುದನ್ನು ಅಳಿಸಿ, ಬರೀ ‘ಇದು ಬಗೆಹರಿದಿಲ್ಲ’ ಎಂದು ಕಳಿಸಿದಳು. ಕೆಳಗೆ ತನ್ನ ಹೆಸರು ಹಾಕಿದಳು. ಅರ್ಧ ದಿನದ ಮೇಲೆ ರಾಧಿಕಾ ಬರೆದಳು, ತಿಂಗಳ ಸಭೆಯಲ್ಲಿ ನಾನು ಮಾತಾಡುವುದಿದೆ, ಎಲ್ಲರೂ ಬರಬೇಕು.

ಆ ಸಭೆಗೆ ರಾಜೀವಿ ಗಂಡನನ್ನೂ ಮಗಳನ್ನೂ ಕರೆದುಕೊಂಡು ಹೋದಳು. ಮುಂದಿನ ಸಾಲಿನಲ್ಲಿ ಕೂತಳು. ರಾಧಿಕಾ ಮೈಕ್ ಹಿಡಿದು ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು: ಈ ತಾಯಿಯ ಬ್ರೆಡ್ ಮನೆಯಲ್ಲೇ ಮಾಡಿದ್ದು. ನಾನು ಹನ್ನೊಂದು ಗಂಟೆ ಅವರ ಅಡುಗೆ ಮನೆಯಲ್ಲಿ ಕೂತು ನೋಡಿದ್ದೇನೆ. ನನಗೆ ಬಾರದ ಕೆಲಸ ಇವರಿಗೆ ಬರುತ್ತದೆ ಎಂದು ನಂಬಲು ನಾನು ತಯಾರಿರಲಿಲ್ಲ, ಅದಕ್ಕೆ ಅವರನ್ನು ಸುಳ್ಳುಗಾತಿ ಎಂದೆ. ಸುಳ್ಳು ಹೇಳಿದ್ದು ನಾನು.

ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು ಮೊಬೈಲು ನೋಡುತ್ತಿದ್ದರು. ನಿಶಾ ಹೂಗುಚ್ಛ ಹಿಡಿದು ಬಂದು, ಮುಂದಿನ ತಿಂಗಳು ನಮ್ಮಲ್ಲಿ ಈ ಕೆಂಡದ ಬ್ರೆಡ್ಡನ್ನು ಎಲ್ಲರಿಗೂ ಕಲಿಸಿಕೊಡಿ, ದೊಡ್ಡ ಕಾರ್ಯಕ್ರಮ ಮಾಡೋಣ ಎಂದಳು. ರಾಜೀವಿ ಹೂವು ತೆಗೆದುಕೊಳ್ಳಲಿಲ್ಲ. "ಪೆಹಲೇ ಫೋಟೊ," ಎಂದಳು. ಮೊದಲು ಆ ಫೋಟೊ. ನಿಶಾ ಎಲ್ಲರ ಎದುರು ಮೊಬೈಲು ತೆಗೆದು, ಹುಡುಕಿ, ಅಳಿಸಿದಳು. ಅಳಿಸಿದ್ದನ್ನು ಯಕ್ಷಿತಾ ಬಗ್ಗಿ ನೋಡಿ ತಲೆ ಆಡಿಸಿದಳು. ಆಮೇಲೂ ರಾಜೀವಿ ಕಲಿಸಲು ಒಪ್ಪಲಿಲ್ಲ. ರಾಧಿಕಾಳ ಕೈಯಲ್ಲಿ ಮಾತ್ರ ಒಂದು ಇಡೀ ಬ್ರೆಡ್ ಇಟ್ಟು ಹೊರಗೆ ಬಂದಳು.

ಕಾಂಜೂರ್‌ಮಾರ್ಗಿನ ಪ್ಲಾಟ್‌ಫಾರಂನಲ್ಲಿ ಯಕ್ಷಿತಾ ಹೇಳಿದಳು, "ಅಮ್ಮ, ಆ ದಿನ ನಾನು ಮಾತಾಡ್ಬೇಕಿತ್ತು."

"ಹೌದು," ಎಂದಳು ರಾಜೀವಿ. "ಮಾತಾಡ್ಬೇಕಿತ್ತು."

ಬೇರೆ ತಾಯಿಯಾದರೆ ಹೋಗಲಿ ಬಿಡು ಎನ್ನುತ್ತಿದ್ದಳೇನೋ. ರಾಜೀವಿ ಅನ್ನಲಿಲ್ಲ. ಮಗಳಿಗೂ ಅದು ಬೇಕಿರಲಿಲ್ಲ ಎಂದು ಕಾಣುತ್ತದೆ, ಅವಳು ತಾಯಿಯ ಕೈಯಿಂದ ಖಾಲಿ ಡಬ್ಬಿ ತೆಗೆದುಕೊಂಡು ತಾನೇ ಹಿಡಿದುಕೊಂಡಳು.

ಈಗ ರಾಜೀವಿ ವಾರಕ್ಕೆರಡು ದಿನ ಬ್ರೆಡ್ ಮಾಡುತ್ತಾಳೆ. ಕಾಲೊನಿಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಐದಾರು ಮಂದಿ ಕಾಯುತ್ತಿರುತ್ತಾರೆ. ರಾಧಿಕಾ ಆಗಾಗ ಬಂದು ಶೆಗಡಿಯ ಪಕ್ಕ ಮಣೆ ಹಾಕಿಕೊಂಡು ಕೂರುತ್ತಾಳೆ; ಬಾಗಿಲಿಗೆ ಈಗ ಚಿಲಕ ಹಾಕುವುದಿಲ್ಲ. ನಾಗರತ್ನಾ ಹಿಟ್ಟಿಗೆ ಬರುವುದು ಬಿಟ್ಟಿಲ್ಲ. ಆ ಗುರುವಾರದ ಮಾತಿಗೆ ಅವಳು ತಪ್ಪಾಯಿತು ಎಂದು ಇನ್ನೂ ಹೇಳಿಲ್ಲ. ರಾಜೀವಿ ಅವಳಿಗೆ ಹಿಟ್ಟು ಅಳೆದು ಕೊಡುತ್ತಾಳೆ, ಪಾತ್ರೆ ತುಂಬ ಕೊಡುತ್ತಾಳೆ, ಮಾತು ಮಾತ್ರ ಆಡುವುದಿಲ್ಲ.